ಬೆಕ್ಕು ಅಂದರೆ ಮೂರು

ಅಸ್ಸುಂತಾಗೆ ಡಾಕ್ಟರ ಮೇಲೆ ಸಿಟ್ಟೇನೂ ಇರಲಿಲ್ಲ. ಸಿಟ್ಟೆಲ್ಲ ಇದ್ದದ್ದು ಅವರು ಬರೆದುಕೊಟ್ಟ ಚೀಟಿಯ ಮೇಲೆ. ಮೊಮ್ಮಗಳು ತಿತಿನಾಗೆ ಎರಡು ತುಂಬಿದಾಗ ಆ ಮುದುಕ ಡಾಕ್ಟರು ತೂಕ ನೋಡಿ, ಹಲ್ಲು ಎಣಿಸಿ, ಔಷಧಿ ಬರೆಯುವ ಹಾಳೆಯಲ್ಲೇ ಬರೆದು ಮೊಹರು ಒತ್ತಿ ಕೊಟ್ಟಿದ್ದರು: ದಿನಕ್ಕೆ ಹದಿನೈದು ನಿಮಿಷ ಮಗುವಿಗೆ ಗಟ್ಟಿಯಾಗಿ ಪುಸ್ತಕ ಓದಿ ಹೇಳುವುದು. ಜೊತೆಗೆ ದಪ್ಪ ರಟ್ಟಿನ ಒಂದು ಪುಸ್ತಕ.

"ಕೆಮ್ಮಿದ್ರೆ ಸಿರಪ್ಪು, ಜ್ವರ ಬಂದ್ರೆ ಮಾತ್ರೆ. ಏನೂ ಆಗದೇ ಇರೋ ಮಗೂಗೆ ಇದ್ಯಾವ ಔಷಧಿ?" ಎಂದು ಅಸ್ಸುಂತಾ ಮೂಗು ಮುರಿದಿದ್ದಳು. ಆದರೂ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಮೊಹರು ಬಿದ್ದ ಕಾಗದ ಅಂದರೆ ಅವಳಿಗೆ ಅಷ್ಟು ಮರ್ಯಾದೆ.

ಓದುವ ಕೆಲಸ ಬಿದ್ದದ್ದು ಅವಳ ಪಾಲಿಗೇ. ಮಗ ಕಾರ್ಮಿನೆ ದ್ವೀಪಗಳಿಗೆ ಹೋಗುವ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು, ವಾರದಲ್ಲಿ ಮೂರು ದಿನ ಮನೆಗೆ ಬಂದರೆ ಹೆಚ್ಚು. ಸೊಸೆ ಮಾರ್ಜ್ಯಾ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತರೆ ಮುಗಿಯುವುದು ಸಂಜೆ. ನೇಪಲ್ಸಿನ ಆ ಓಣಿಯ ಮೂರನೇ ಮಹಡಿಯಲ್ಲಿ ಹಗಲೆಲ್ಲ ಇರುವವರು ಇಬ್ಬರೇ, ನಲವತ್ತು ವರ್ಷ ಕೈಚೀಲ, ಕೈಗವಸು ಹೊಲಿದು ಈಗ ಸುಮ್ಮನೆ ಕೂತ ಅಜ್ಜಿ, ಮತ್ತು ಸುಮ್ಮನೆ ಕೂರಲು ಬಾರದ ಮೊಮ್ಮಗಳು.

ಅಸ್ಸುಂತಾ ಪ್ರಾಮಾಣಿಕವಾಗಿ ಶುರುಮಾಡಿದಳು. ಕನ್ನಡಕ ಹಾಕಿಕೊಂಡು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿದಳು. ಬೆಕ್ಕು. ಬೆಕ್ಕು ಹಾಲು ಕುಡಿಯಿತು. ನಾಯಿ. ನಾಯಿ ಬಾಲ ಅಲ್ಲಾಡಿಸಿತು. ಮುಗಿಯಿತು. ತಿತಿನಾ ತೊಡೆಯಿಂದ ಜಾರಿ ಓಡಿಹೋದಳು. ಅಸ್ಸುಂತಾಗೂ ಓಡಿಹೋಗಬೇಕು ಅನ್ನಿಸಿತು. ಒಂದು ಮೀನೂ ಕದಿಯದ ಬೆಕ್ಕು, ಅದೂ ಒಂದು ಬೆಕ್ಕೇ? ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ ಅವಳು ಕುರ್ಚಿ ಹತ್ತಿ ಬೀರುವಿನ ಮೇಲಿಂದ ತೊಂಬೋಲಾ ಹಲಗೆಯನ್ನು ಇಳಿಸಿದಳು.

ತಂಬೋಲಾ, ಹೌಸೀ, ಏನಾದರೂ ಅನ್ನಿ, ಆಟ ಅದೇ. ಆದರೆ ನೇಪಲ್ಸಿನಲ್ಲಿ ತೊಂಬತ್ತು ಅಂಕಿಗೂ ಒಂದೊಂದು ಹೆಸರಿದೆ, ಕೂಗುವವರ ಹಲಗೆಯಲ್ಲಿ ಒಂದೊಂದು ಚಿತ್ರವಿದೆ. ಮೂರು ಬೆಕ್ಕು. ಐವತ್ತು ಬ್ರೆಡ್ಡು. ಎಂಬತ್ತೊಂಬತ್ತು ಮುದುಕಿ. ನಲವತ್ತೆಂಟು ಮಾತಾಡುವ ಹೆಣ. ಆಡುವವರ ಕೈಯಲ್ಲಿರುವ ಚೀಟಿಗಳಲ್ಲಿ ಬರೀ ಅಂಕಿ. ಹೆಸರು ಅವರವರ ತಲೆಯಲ್ಲಿ. ಕ್ರಿಸ್‌ಮಸ್ಸಿಗೆ ಇಳಿಸಿ, ಜನವರಿಯ ಮೂರು ರಾಜರ ಹಬ್ಬ ಮುಗಿದ ಮೇಲೆ ಮತ್ತೆ ಮೇಲಿಡಬೇಕು. ಮಧ್ಯದಲ್ಲಿ ಅದನ್ನು ಮುಟ್ಟುವುದು ಅಪಶಕುನ. ಅಸ್ಸುಂತಾಳ ಅತ್ತೆಯಂತೂ ಬೇರೆ ದಿನ ಅದರ ಮೇಲಿನ ಧೂಳನ್ನೂ ಒರೆಸಗೊಡುತ್ತಿರಲಿಲ್ಲ. ಹಾಗಾಗಿ ಜೂನ್ ತಿಂಗಳ ಬಿಸಿಲಲ್ಲಿ ಹಲಗೆ ಇಳಿಸಿದ್ದನ್ನು ಅವಳು ಮಗನಿಗೂ ಹೇಳಲಿಲ್ಲ.

ಅಂದಿನಿಂದ ದಿನಾ ಬೆಳಗ್ಗೆ ತಿತಿನಾ ಬುಟ್ಟಿಗೆ ಕೈ ಹಾಕಿ ಮೂರು ಮರದ ಬಿಲ್ಲೆ ಎತ್ತುವಳು. ಅದರ ಮೇಲಿನ ಅಂಕಿಯನ್ನು ಹಲಗೆಯಲ್ಲಿ ಹುಡುಕಿ ಚಿತ್ರದ ಮೇಲೆ ಇಡುವಳು. ಬಂದ ಮೂರು ಚಿತ್ರಕ್ಕೆ ಅಜ್ಜಿ ಕಥೆ ಕಟ್ಟಬೇಕು. "ಒಂದೂರಲ್ಲಿ ಒಂದು ಎಂಬತ್ತೊಂಬತ್ತು. ಅವಳು ಹಬ್ಬಕ್ಕೆ ಅಂತ ಒಂದು ಮೂವತ್ತೆರಡು ತಂದ್ಲು, ಹಾವುಮೀನು, ಇಷ್ಟುದ್ದ. ಅದನ್ನ ಮೂರು ನೋಡ್ತು." ಮೂರು ನೋಡಿದ ಮೇಲೆ ಕೇಳಬೇಕೇ. ಹದಿನೈದು ನಿಮಿಷ ಒಂದು ಗಂಟೆಯಾಗುತ್ತಿತ್ತು. ಡಾಕ್ಟರು ಹೇಳಿದ್ದಕ್ಕಿಂತ ನಾಲ್ಕು ಪಾಲು ಹೆಚ್ಚಾಗಿ ಔಷಧಿ ಕೊಡುತ್ತಿದ್ದೇನೆ ಎಂದು ಅಸ್ಸುಂತಾ ಒಳಗೊಳಗೇ ಬೀಗುತ್ತಿದ್ದಳು.

ಸಂಜೆ ಮಾರ್ಜ್ಯಾ ಬಂದು, "ಓದಿದ್ರಾ ಅತ್ತೆ?" ಎಂದು ಕೇಳುವಳು.

"ಓದದೇ ಬಿಡ್ತೀನಾ," ಎಂದು ಅಸ್ಸುಂತಾ ಬೀನ್ಸ್ ಬಿಡಿಸುತ್ತ ಹೇಳುವಳು. ಅಲ್ಲಿಗೆ ಆ ಮಾತು ಮುಗಿಯಿತು. ಅತ್ತೆ ಸೊಸೆಯ ನಡುವೆ ಜಗಳವಿರಲಿಲ್ಲ, ಹೆಚ್ಚು ಮಾತೂ ಇರಲಿಲ್ಲ. ಮಾರ್ಜ್ಯಾ ಉತ್ತರದ ಕ್ರೆಮೋನಾ ಕಡೆಯವಳು. ಐದು ವರ್ಷದಿಂದ ಈ ಮನೆಯಲ್ಲಿದ್ದರೂ ಊಟದ ಮೇಜಿನಲ್ಲಿ ನೆಂಟರಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದಳು.

ಹೀಗೇ ವರ್ಷ ಉರುಳಿತು. ಮೂರು ತುಂಬುವ ಹೊತ್ತಿಗೆ ಫ್ರಿಜ್ಜಿನ ಬಾಗಿಲ ಮೇಲೆ ಇನ್ನೊಂದು ಕಾಗದ ಬಂತು. ಶಿಶುವಿಹಾರದ ಅರ್ಜಿ. ಒಂದು ಜಾಗ ಖಾಲಿ ಬಿದ್ದಿದೆಯಂತೆ. ತುಂಬಿ ಕೊಟ್ಟರೆ ಸೆಪ್ಟೆಂಬರಿನಿಂದ ತಿತಿನಾ ಬೆಳಗ್ಗೆ ಎಂಟಕ್ಕೆ ಹೋಗಿ ಸಂಜೆ ನಾಲ್ಕಕ್ಕೆ ಬರುವಳು.

"ಇನ್ನೂ ಒಂದು ವರ್ಷ ಮನೇಲೇ ಇರ್ಲಿ ಬಿಡಮ್ಮ, ನಾನೇನು ಸತ್ತಿದೀನಾ?" ಎಂದಳು ಅಸ್ಸುಂತಾ.

"ನೋಡೋಣ ಅತ್ತೆ. ಮೂರು ವರ್ಷದ ತಪಾಸಣೆ ಇದೆಯಲ್ಲ. ಡಾಕ್ಟ್ರು ಎಲ್ಲ ಸರಿಯಾಗಿದೆ ಅಂದ್ರೆ ಇರ್ಲಿ." ಮಾರ್ಜ್ಯಾ ಅರ್ಜಿಯ ಅಂಚನ್ನು ನೇರಮಾಡಿದಳು. "ನಂಗೆ ಸ್ವಲ್ಪ ಭಯ ಇದೆ."

ಏನು ಭಯ ಎಂದು ಅಸ್ಸುಂತಾ ಕೇಳಲಿಲ್ಲ. ತನ್ನ ಬೆಳಗುಗಳನ್ನೆಲ್ಲ ಒಂದು ಹಾಳೆ ನುಂಗಿಹಾಕುತ್ತದಲ್ಲ ಎಂಬ ಸಂಕಟದಲ್ಲಿ ಅವಳಿಗೆ ಬೇರೆಯವರ ಭಯ ಕಾಣಲಿಲ್ಲ. ತಪಾಸಣೆಯ ದಿನ ಮಗುವಿಗೆ ಹಳದಿ ಫ್ರಾಕು ತೊಡಿಸಿ, ಎರಡು ಜಡೆ ಹಾಕಿ, ದಾರಿಯುದ್ದಕ್ಕೂ ಕಿವಿಯಲ್ಲಿ ಊದಿದಳು: "ಡಾಕ್ಟ್ರು ಚಿತ್ರ ತೋರಿಸ್ತಾರೆ, ಚೆನ್ನಾಗಿ ಹೇಳ್ಬೇಕು, ಅಜ್ಜಿ ಮರ್ಯಾದೆ ಉಳಿಸ್ಬೇಕು, ಆಯ್ತಾ ಚಿನ್ನ?"

ಕಾಯುವ ಕೋಣೆಯಲ್ಲಿ ಗೋಡೆಯ ಮೇಲೆ ಕೆಂಪು ದೀಪದ ಅಂಕಿ ಬದಲಾಗುತ್ತಿತ್ತು. ನಲವತ್ತೆಂಟು ಹತ್ತಿಕೊಂಡಿತು. ಕೂಸನ್ನು ಎತ್ತಿಕೊಂಡು ಒಬ್ಬ ದಢೂತಿ ಮನುಷ್ಯ ಎದ್ದ. ತಿತಿನಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೋಣೆಗೆಲ್ಲ ಕೇಳುವಂತೆ, "ಮಾತಾಡೋ ಹೆಣ" ಎಂದಳು.

ನಾಲ್ಕಾರು ಜನ ಕಿಸಕ್ಕೆಂದರು. ಆ ಮನುಷ್ಯನೂ ನಕ್ಕ. ಮಾರ್ಜ್ಯಾಳ ಮುಖ ಮಾತ್ರ ಬಿಳಿಚಿತು. "ಇಂಥ ಮಾತು ಎಲ್ಲಿ ಕಲಿತಳು ಅತ್ತೆ?"

"ಬೀದೀಲಿ ಏನೇನೋ ಕೇಳ್ತವೆ ಮಕ್ಕಳು," ಎಂದು ಅಸ್ಸುಂತಾ ಚಾವಣಿ ನೋಡಿದಳು.

ಮುದುಕ ಡಾಕ್ಟರು ನಿವೃತ್ತರಾಗಿ ಅವರ ಜಾಗಕ್ಕೆ ಹೊಸಬರು ಬಂದು ಆರು ವಾರವಾಗಿತ್ತಷ್ಟೆ. ಪೆದ್ರೊತ್ತಿ ಎಂಬ ಹೆಂಗಸು, ದೂರದ ಬೆಟ್ಟದ ಸೀಮೆಯವರು, ಮಾತು ಮೆತ್ತಗೆ. ಅವರು ಪುಸ್ತಕ ಬಿಡಿಸಿ ಬೆಕ್ಕು ತೋರಿಸಿದರು. "ಇದೇನು ಪುಟ್ಟಿ?"

"ಮೂರು."

"ಅಲ್ಲಮ್ಮ, ಎಷ್ಟಿದೆ ಅಂತಲ್ಲ. ಏನಿದು?"

"ಮೂರು," ಎಂದಳು ತಿತಿನಾ, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಬ್ರೆಡ್ಡು ತೋರಿಸಿದರು. ಐವತ್ತು. ಟೋಪಿ ತೋರಿಸಿದರು. ಐವತ್ನಾಲ್ಕು. ಹೂವು, ಎಂಬತ್ತೊಂದು. ಡಾಕ್ಟರು ಪುಸ್ತಕ ಮಡಚಿ, ಏನೋ ಬರೆದುಕೊಂಡು, "ಮನೆಯಲ್ಲೂ ಹೀಗೇ ಹೇಳ್ತಾಳಾ?" ಎಂದು ಕೇಳಿದರು.

ಮಾರ್ಜ್ಯಾ ಕೈಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು. "ಹೂಂ. ನಾನು ಪುಸ್ತಕ ತೆಗೆದಾಗೆಲ್ಲ. ಮಾತು ಚೆನ್ನಾಗೇ ಆಡ್ತಾಳೆ, ಬೀದೀಲಿ ಬೆಕ್ಕು ಕಂಡ್ರೆ ಬೆಕ್ಕು ಅಂತಾಳೆ. ಪುಸ್ತಕದಲ್ಲಿ ತೋರಿಸಿದ್ರೆ ಬಾಯಿಗೆ ಬಂದ ಅಂಕಿ ಹೇಳ್ತಾಳೆ. ತಿಂಗಳುಗಟ್ಟಲೆಯಿಂದ ನೋಡ್ತಿದೀನಿ. ತಲೆಯಲ್ಲಿ ಏನಾದ್ರೂ..." ಅವಳಿಗೆ ಮುಂದೆ ಹೇಳಲಾಗಲಿಲ್ಲ. ಕಣ್ಣೀರು ಗಲ್ಲಕ್ಕೆ ಇಳಿದದ್ದನ್ನು ಒರೆಸಿಕೊಳ್ಳಲೂ ಇಲ್ಲ.

"ಒಂದು ದೊಡ್ಡ ಆಸ್ಪತ್ರೆಗೆ ಬರೆದುಕೊಡ್ತೀನಿ, ಒಮ್ಮೆ ತೋರಿಸಿಬಿಡಿ," ಎಂದರು ಡಾಕ್ಟರು.

ಅಸ್ಸುಂತಾ ಒಮ್ಮೆ ಸೊಸೆಯನ್ನು, ಒಮ್ಮೆ ಡಾಕ್ಟರ ಪೆನ್ನನ್ನು ನೋಡಿದಳು. ಬಾಯಿ ಬಿಟ್ಟರೆ ತಾನು ವರ್ಷವಿಡೀ ಸುಳ್ಳು ಹೇಳಿದ್ದು ಬಯಲಾಗುತ್ತದೆ, ಸೊಸೆ ಇನ್ನು ತನ್ನನ್ನು ನಂಬದೆ ಮಗುವನ್ನು ಶಿಶುವಿಹಾರಕ್ಕೆ ಹಾಕುತ್ತಾಳೆ, ಬೆಳಗುಗಳು ಹೋದವು. ಬಿಡದಿದ್ದರೆ ಈ ಹುಡುಗಿ ಹೀಗೇ ಅಳುತ್ತ ಮಗುವನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತುಕೊಂಡು ತಿರುಗುತ್ತಾಳೆ. ಲೆಕ್ಕ ಹಾಕುವಷ್ಟು ಹೊತ್ತೂ ಅವಳು ತೆಗೆದುಕೊಳ್ಳಲಿಲ್ಲ.

"ಬರೀಬೇಡಿ ಡಾಕ್ಟ್ರೇ. ಮಗೂಗೆ ಏನೂ ಆಗಿಲ್ಲ. ಆಗಿರೋದು ನಂಗೆ."

ಎಲ್ಲ ಹೇಳಿದಳು. ಹಲಗೆ, ಬಿಲ್ಲೆ, ಹಾವುಮೀನು, ಮೂರು ದಿನ ಓದಿ ಮೂಲೆಗೆಸೆದ ಪುಸ್ತಕ. "ಚಿತ್ರದಲ್ಲಿರೋ ಬೆಕ್ಕಿಗೆ ನಮ್ಮನೇಲಿ ಮೂರು ಅಂತೀವಿ. ಅವಳು ಸರಿಯಾಗೇ ಹೇಳಿದಾಳೆ. ಕಲಿಸಿದ್ದು ನಾನು."

ಡಾಕ್ಟರು ಪೆನ್ನು ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. ಒಂದು ಹಾಳೆಯ ಮೇಲೆ ದೊಡ್ಡದಾಗಿ 84 ಎಂದು ಬರೆದು ಮಗುವಿನ ಮುಂದೆ ಹಿಡಿದರು.

"ಚರ್ಚು," ಎಂದಳು ತಿತಿನಾ.

ಡಾಕ್ಟರು ಅದರ ಪಕ್ಕ 79 ಎಂದು ಬರೆದರು. "ಇದು?"

"ಕಳ್ಳ. ಕಳ್ಳ ಚರ್ಚಿಗೆ ಹೋದ. ಆಮೇಲೆ ಇನ್ನೊಂದು ಬರಿ."

ಡಾಕ್ಟರು ನಗು ತಡೆದುಕೊಳ್ಳಲು ನೋಡಿ ಸೋತರು. "ಆಗಲೇ ಹೊರಗಡೆ ಯಾರೋ ಹೆಣ ಅಂದ್ರಲ್ಲ, ಅದು ಇವಳೇನಾ? ಮೂರು ವರ್ಷಕ್ಕೆ ಎರಡಂಕಿ ನೋಡಿ ಓದ್ತಾಳಲ್ರೀ. ತಾನೇ ಕಥೇನೂ ಜೋಡಿಸ್ತಾಳೆ." ಆಮೇಲೆ ಅಸ್ಸುಂತಾ ಕಡೆ ತಿರುಗಿದರು. "ಆದ್ರೆ ಅಜ್ಜಿ, ಪುಸ್ತಕನೂ ಬೇಕು. ಬೇರೆ ಮನೆ ಬೆಕ್ಕಿಗೆ ಏನಂತಾರೆ ಅಂತಾನೂ ಇವಳಿಗೆ ಗೊತ್ತಾಗ್ಬೇಕು."

ಬಸ್ಸಿನಲ್ಲಿ ಮಾರ್ಜ್ಯಾ ತುಟಿ ಪಿಟಕ್ಕೆನ್ನಲಿಲ್ಲ. ಬೈದಿದ್ದರೆ ಅಸ್ಸುಂತಾಗೆ ಎಷ್ಟೋ ಹಗುರವಾಗುತ್ತಿತ್ತು. ಬೈಗುಳಕ್ಕೆ ಬೈಗುಳ ಕೊಡುವುದು ಅವಳಿಗೆ ಗೊತ್ತು, ಮೌನಕ್ಕೆ ಏನು ಕೊಡಬೇಕೆಂದು ಗೊತ್ತಿರಲಿಲ್ಲ. ಮನೆ ಸೇರಿದ ಮೇಲೆ ಮಾರ್ಜ್ಯಾ ಹೆಗಲ ಚೀಲ ಕೂಡ ಇಳಿಸದೆ, "ಎಲ್ಲಿ, ತೋರಿಸಿ ಅದನ್ನ" ಎಂದಳು.

ಅಸ್ಸುಂತಾ ಹಲಗೆ ತಂದು ಮೇಜಿನ ಮೇಲೆ ಹಾಸಿ ತನ್ನ ಕುರ್ಚಿಯಲ್ಲಿ ಕೂತಳು. ಮಾರ್ಜ್ಯಾ ಬಾಗಿ ಒಂದೊಂದೇ ಚಿತ್ರ ನೋಡಿದಳು. ಒಂದು ಚಿತ್ರದ ಮೇಲೆ ಅವಳ ಬೆರಳು ನಿಂತಿತು. "ಹದಿನಾರು. ಇದೇನಿದು?"

"ಅಂಡು," ಎಂದು ತಿತಿನಾ ತನ್ನದನ್ನು ತಾನೇ ತಟ್ಟಿ ತೋರಿಸಿದಳು.

ಮಾರ್ಜ್ಯಾ ನಗಲಿಲ್ಲ. "ಮದುವೆಯಾದ ವರ್ಷದ ಕ್ರಿಸ್‌ಮಸ್ಸು. ನೀವು ಹದಿನಾರು ಕೂಗಿದ್ರಿ. ನಾನು ಕೈ ಎತ್ತಿ, ಹದಿನಾರು ನನ್ನದು ಅಂದೆ. ನೆನಪಿದೆಯಾ?"

ನೆನಪಿಲ್ಲದೇ ಏನು. ಹದಿನೆಂಟು ಜನ ನೆಂಟರು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಕಾರ್ಮಿನೆಯ ಚಿಕ್ಕಪ್ಪ ಕುರ್ಚಿಯಿಂದ ಬಿದ್ದಿದ್ದ.

"ನನ್ನ ಮಾತಿನ ಧಾಟಿ ಕೇಳಿ ನಗ್ತಿದಾರೆ ಅಂದ್ಕೊಂಡೆ," ಎಂದಳು ಮಾರ್ಜ್ಯಾ. "ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಒಂದು ಸಲಾನೂ ಕೂಗಿಲ್ಲ ನಾನು. ಎರಡು ಸಲ ಪೂರ್ತಿ ಮನೆ ಗೆದ್ದಿದ್ದೆ. ಚೀಟಿ ಮಗುಚಿಟ್ಟು ಸುಮ್ಮನಿದ್ದೆ."

ಅಸ್ಸುಂತಾ ಹಲಗೆಯಿಂದ ಕಣ್ಣು ತೆಗೆದು ಸೊಸೆಯನ್ನು ನೋಡಿದಳು. ಓಣಿಯ ಮಕ್ಕಳಿಗೆಲ್ಲ ಗೊತ್ತಿರುವುದನ್ನು ಈ ಹುಡುಗಿಗೆ ಐದು ವರ್ಷದಲ್ಲಿ ಯಾರೂ ಹೇಳಿಕೊಟ್ಟಿಲ್ಲ. ಹೇಳಬೇಕಾದವಳು ನಾನು, ನಾನು ಅಂದು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ. ಸಾಲದ್ದಕ್ಕೆ ಈಗ ಅವಳ ಸ್ವಂತ ಮಗಳ ಮಾತೇ ಅವಳಿಗೆ ಅರ್ಥವಾಗದಂತೆ ಮಾಡಿಟ್ಟಿದ್ದೇನೆ. ಅಸ್ಸುಂತಾಗೆ ನಾಚಿಕೆಯಾಯಿತು, ಇತ್ತೀಚೆಗೆ ಯಾವುದಕ್ಕೂ ಆಗದಷ್ಟು.

"ತಪ್ಪಾಯ್ತು ಕಣಮ್ಮ," ಎಂದಳು. ಎದ್ದು ಫ್ರಿಜ್ಜಿನ ಬಾಗಿಲಿಂದ ಅರ್ಜಿ ಕಿತ್ತು ತಂದು, ಪೆನ್ನಿನ ಜೊತೆ ಸೊಸೆಯ ಮುಂದಿಟ್ಟಳು. "ಬರಿ. ಹೋಗ್ಲಿ ಅವಳು. ಇಷ್ಟು ದಿನ ಅವಳ ಸುಖಾನೆಲ್ಲ ನಾನೊಬ್ಬಳೇ ಉಂಡೆ."

ಮಾರ್ಜ್ಯಾ ಪೆನ್ನು ತೆಗೆದುಕೊಂಡಳು. ಹೆಸರು, ಹುಟ್ಟಿದ ದಿನ, ವಿಳಾಸ ತುಂಬಿದಳು. ವಾರದ ದಿನಗಳ ಚೌಕದ ಹತ್ತಿರ ಬಂದು ನಿಂತಳು. "ಮಂಗಳವಾರ, ಬುಧವಾರ, ಶುಕ್ರವಾರ ಹೋಗ್ಲಿ. ಸೋಮವಾರ, ಗುರುವಾರ ನಿಮ್ಮ ಹತ್ರ. ಪುಸ್ತಕ ಓದ್ಬೇಕು ಅತ್ತೆ, ನಿಜವಾಗಿ."

"ಓದ್ತೀನಿ. ಅದರ ಬೆಕ್ಕಿಗೆ ಒಂಚೂರು ಜೀವ ಇಲ್ಲ, ಆದ್ರೂ ಓದ್ತೀನಿ." ಅಸ್ಸುಂತಾ ತನ್ನ ಕುರ್ಚಿಯನ್ನು ಎಳೆದು ಸೊಸೆಯ ಕಡೆ ತಿರುಗಿಸಿದಳು. ಅಂಕಿ ಕೂಗುವವರು ಕೂರುವ ಆ ಕುರ್ಚಿಯಲ್ಲಿ ಮೂವತ್ತು ವರ್ಷದಿಂದ ಬೇರೆ ಯಾರೂ ಕೂತಿರಲಿಲ್ಲ. "ಇಲ್ಲಿ ಕೂತ್ಕೋ. ಚೀಲ ಇಳಿಸು ಮೊದ್ಲು."

ಮಾರ್ಜ್ಯಾ ಕೂತಳು. ತಿತಿನಾ ಎಲ್ಲಿಂದಲೋ ಆ ದಪ್ಪ ರಟ್ಟಿನ ಪುಸ್ತಕವನ್ನು ಎಳೆದುಕೊಂಡು ಬಂದು, ಅಮ್ಮನ ತೊಡೆ ಹತ್ತಿ, ಹಲಗೆಯ ಮೇಲೆ ಅದನ್ನು ಬಿಡಿಸಿಟ್ಟಳು. "ನೋಡು, ಇಲ್ಲೂ ಮೂರು ಇದೆ."

ತನಗೆ ಒಳಗೆ ಕೆಲಸವಿದೆ ಎಂದು ಗೊಣಗಿ ಅಸ್ಸುಂತಾ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಬಟ್ಟೆ ಹಿಡಿದು ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತ ಕಿವಿಯನ್ನೆಲ್ಲ ಈಚೆ ಇಟ್ಟಿದ್ದಳು.

"ಬೆಕ್ಕು," ಎಂದು ಮಾರ್ಜ್ಯಾ ಓದಿದಳು. "ಬೆಕ್ಕು ಹಾಲು ಕುಡಿಯಿತು."

"ಆಮೇಲೆ?"

ಪುಸ್ತಕದಲ್ಲಿ ಆಮೇಲೆ ಏನೂ ಇಲ್ಲ, ಅಸ್ಸುಂತಾಗೆ ಗೊತ್ತು. ಮಾರ್ಜ್ಯಾ ಹಾಳೆ ಮಗುಚಿದ ಸದ್ದು ಕೇಳಿಸಲಿಲ್ಲ. "ಆಮೇಲೆ," ಎಂದಳು ಅವಳು ನಿಧಾನವಾಗಿ, "ಆಮೇಲೆ ಅದಕ್ಕೆ..."

"ಅದಕ್ಕೆ ಏನಾಯ್ತು ಅಮ್ಮ?"

ಅದಕ್ಕೆ ಏನಾಯಿತೆಂಬುದು ಅಸ್ಸುಂತಾಳ ನಾಲಿಗೆಯ ತುದಿಗೇ ಬಂದಿತ್ತು. ಕೂಗಿ ಹೇಳಿಬಿಡಬಹುದಿತ್ತು. ಅವಳು ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು, ಸೊಸೆ ಹೇಳಲಿ ಎಂದು ಕಾದಳು.