ಅಲಸಂದೆ ಬಳ್ಳಿಯ ಪಾಲು

ಬಂಗಾರಪೇಟೆ ಕಡೆಯ ಒಂದು ಊರು. ಕೆರೆಯಲ್ಲಿ ನೀರಿದೆ, ಕೆರೆ ಕೆಳಗಿನ ಗದ್ದೆಗೂ ನೀರಿದೆ. ಆದರೂ ಮುನಿಶಾಮಿಯ ಭತ್ತದ ಪೈರು ಎರಡು ವರ್ಷದಿಂದ ಕಾಮಾಲೆ ಹಿಡಿದವರ ಹಾಗೆ ಹಳದಿ. ತೆನೆ ಸಣ್ಣ, ಕಾಳು ಜೊಳ್ಳು.

ಗದ್ದೆ ಮುನಿಶಾಮಿಯದಲ್ಲ. ಉಳುವವನು ಅವನು, ಕಳೆ ಕೀಳುವವಳು ಅವನ ಹೆಂಡತಿ ಕನಕಮ್ಮ, ಒಡೆಯ ಮಾತ್ರ ದೊಡ್ಡವೆಂಕಟಪ್ಪ. ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ.

"ಈ ಸಲಾನೂ ಇಂಗೇ ಆದ್ರೆ ಗದ್ದೆ ಬೇರೇರ್ಗೆ ಕೊಡ್ತೀನಿ ಕಣ್ಲಾ" ಎಂದು ಅವನು ಹೇಳಿಯಾಗಿತ್ತು. ಗದ್ದೆ ಹೋದರೆ ಸಂಸಾರ ಕಟ್ಟಿಕೊಂಡು ಕೂಲಿ ಹುಡುಕಿ ಊರು ಬಿಡಬೇಕು.

ಭತ್ತದ ನಾಟಿಗೆ ಮುಂಚೆ, ಮೊದಲ ಮಳೆಗೆ ಅಲಸಂದೆ ಬಿತ್ತುವುದು ಅಲ್ಲಿಯ ರೂಢಿ. ಕಾಯಿ ಬಿಡಿಸಿದ ಮೇಲೆ ಬಳ್ಳಿಯನ್ನು ಬೇರು ಸಮೇತ ಕಿತ್ತು ಒಡೆಯನ ಕೊಟ್ಟಿಗೆಗೆ ಸಾಗಿಸಬೇಕು. ಅವನ ದನ ಮೇಯಬೇಕಲ್ಲ! ಸಗಣಿಯೂ ಅವನ ತಿಪ್ಪೆಗೇ. ಈ ಗದ್ದೆಗೆ ಒಂದು ಬುಟ್ಟಿ ಗೊಬ್ಬರವೂ ಹಿಂದಿರುಗಿ ಬರುತ್ತಿರಲಿಲ್ಲ.

ಆ ವರ್ಷ ಬಳ್ಳಿ ಕೀಳುವ ಹೊತ್ತಿಗೆ ಮುನಿಶಾಮಿಯ ಅಕ್ಕ ಅಶ್ವತ್ಥಮ್ಮ ಬಂದಳು. ಅವಳನ್ನು ಕ್ಯಾಸಂಬಳ್ಳಿಗೆ ಕೊಟ್ಟಿತ್ತು. ಅಲ್ಲಿಯ ಗ್ರಾಮಸೇವಕರ ಮಾತು ಕೇಳಿ ತನ್ನ ಗದ್ದೆಯಲ್ಲಿ ಬಳ್ಳಿ ಕೀಳದೆ ಉತ್ತು ನೋಡಿದವಳು.

"ನಿಲ್ಸಲಾ! ಯಾಕ್ ಕೀಳ್ತಿದ್ದೀಯಾ?"

"ಇನ್ನೇನು, ಇದ್ಕೆ ಪೂಜೆ ಮಾಡ್ಲಾ ಅಕ್ಕ?"

ಅಶ್ವತ್ಥಮ್ಮ ಗುದ್ದಲಿಯಿಂದ ಮೆಲ್ಲಗೆ ಒಂದು ಗಿಡ ಅಗೆದು ಬೇರು ತೋರಿಸಿದಳು. ಬೇರಿನ ತುಂಬ ಸಣ್ಣ ಸಣ್ಣ ಗಂಟು.

"ಅದು ರೋಗ. ಅದ್ಕೇ ಬೇರೂ ಬುಡ್ದಂಗೆ ಕೀಳ್ತಿರೋದು" ಎಂದ ಮುನಿಶಾಮಿ.

"ರೋಗ ನಿನ್ ತಲೇಲೈತೆ!" ಅವಳು ಒಂದು ಗಂಟನ್ನು ಉಗುರಿನಲ್ಲಿ ಒಡೆದಳು. "ನೋಡು, ಒಳ್ಗೆ ಕೆಂಪ್ಗೈತೆ. ಜೀವ ಐತೆ ಅಂತ ಅರ್ಥ. ಗಾಳೀಲಿರೋ ಸಾರಜನಕ ಅನ್ನೋ ಸತ್ವಾನ ಇದು ಇಡ್ದು ಗಿಡಕ್ಕೆ ಕೊಡ್ತದೆ. ಆ ಸತ್ವ ಸಾಲ್ದೇನೇ ನಿನ್ ಬತ್ತ ಅಳದಿ ಆಗಿರೋದು. ಅಸಿರು ಇದ್ದಂಗೇ ಸೊಪ್ಪು, ದಂಟು, ಬೇರು ಎಲ್ಲಾ ಉತ್ತು ಮುಚ್ಚು."

"ಗಾಳೀಲಿ ಗೊಬ್ಬರ! ನಾಳೆ ಬಿಸ್ಲಲ್ಲಿ ಬೆಲ್ಲಾನೂ ತೋರಿಸ್ತೀಯೇನೋ!"

"ನಗು, ನಗು. ಬರೀ ತೆಗೀತಾನೇ ಇದ್ದೀಯಲ್ಲ, ಇದೇನು ನಂದಿದುರ್ಗದ ಚಿನ್ನದ ಗಣಿ ಏನ್ಲಾ? ತೆಗ್ದಿದ್ರಲ್ಲಿ ಒಸಿ ವಾಪಸ್ ಆಕ್ಬೇಕು."

"ಅತ್ತಿಗೆ ಯೋಳೋದು ಸರಿ," ಎಂದಳು ಕನಕಮ್ಮ. "ಆದ್ರೆ ಗೌಡ್ರು ಬುಡ್ತಾರಾ?"

ಅಷ್ಟರಲ್ಲಿ ದೊಡ್ಡವೆಂಕಟಪ್ಪನೇ ಗಾಡಿ ಹೊಡೆದುಕೊಂಡು ಬಂದ. "ಏನಮ್ಮಿ, ಕೈ ಕಟ್ಕೊಂಡು ನಿಂತಿದ್ದೀರಾ?"

ಕನಕಮ್ಮ ಸೆರಗು ಬಿಗಿದಳು. "ಗೌಡ್ರೇ, ಬೆಳೆದದ್ರಲ್ಲಿ ಅರ್ಧ ನಿಮ್ದು ಅಂತ ತಾನೆ ಮಾತು? ಬಳ್ಳೀಲೂ ಅರ್ಧಾನೇ ನಿಮ್ದು. ಆ ಕಡೇದು ಕಿತ್ಕೊಂಡೋಗಿ. ಈ ಕಡೇದು ನಮ್ ಪಾಲು. ನಾವು ಅದನ್ನ ಮಣ್ಗೆ ಕೊಡ್ತೀವಿ."

"ಎಲಾ! ಬಾಯಿ ಬಂತು ನಿಂಗೆ!"

"ಬತ್ತ ಚೆನ್ನಾಗಿ ಬಂದ್ರೆ ಅದ್ರಲ್ಲೂ ಅರ್ಧ ನಿಮ್ದೇ ಅಲ್ವಾ ಗೌಡ್ರೇ?" ಎಂದಳು ಅಶ್ವತ್ಥಮ್ಮ. "ದನಕ್ಕೆ ಉಲ್ಲೂ ಜಾಸ್ತಿ ಸಿಗ್ತದೆ."

ಆ ಲೆಕ್ಕ ಒಡೆಯನಿಗೆ ಹಿಡಿಸಿತು. ಗೊಣಗುತ್ತಲೇ ಅರ್ಧ ಬಳ್ಳಿ ತುಂಬಿಸಿಕೊಂಡು ಹೋದ.

ಉಳಿದರ್ಧವನ್ನು ಮುನಿಶಾಮಿ ನಂಬದೆಯೇ ಉತ್ತ. ನೀರು ಕಟ್ಟಿ, ಕೊಳೆಯಲು ಬಿಟ್ಟು, ಆಮೇಲೆ ಇಡೀ ಗದ್ದೆಗೆ ನಾಟಿ ಹಾಕಿದರು.

ಪೈರು ಮೇಲೆದ್ದಾಗ ಗದ್ದೆ ಎರಡು ಬಣ್ಣವಾಯಿತು. ಬಳ್ಳಿ ಉತ್ತ ಕಡೆ ಕಡುಹಸಿರು, ಕಿತ್ತ ಕಡೆ ಅದೇ ಹಳದಿ. ತೆನೆ ಬಂದಾಗ ಹಸಿರು ಪೈರು ಕಾಳಿನ ಭಾರಕ್ಕೆ ಬಾಗಿ ನಿಂತಿತು.

ದೊಡ್ಡವೆಂಕಟಪ್ಪ ಬದುವಿನ ಮೇಲೆ ನಿಂತು ಎರಡೂ ಕಡೆ ನೋಡಿದ. "ಮುಂದಿನ ವರ್ಷ ಗಾಡಿ ತರಲ್ಲ ಕಣ್ಲಾ. ಎಲ್ಲಾ ಉತ್ಬುಡು."

"ಅಂಗಾದ್ರೆ ಗದ್ದೆ?" ಎಂದ ಮುನಿಶಾಮಿ.

"ನೀವೇ ಮಾಡ್ಕಳಿ."

"ನಿಮ್ ತಿಪ್ಪೆಯಿಂದ ಗೊಬ್ಬರಾನೂ ಬರ್ಲಿ ಗೌಡ್ರೇ," ಎಂದಳು ಕನಕಮ್ಮ. "ಈ ಗದ್ದೆ ಉಲ್ಲು ತಿಂದ ದನದ ಸಗಣಿ ತಾನೆ ಅದು!"

ಮುನಿಶಾಮಿ ಬಾಯಿ ತುಂಬ ನಕ್ಕ. ಗೊಬ್ಬರದ ಗಾಡಿ ಬಂತು.

ಅಣ್ಣಂದಿರೇ, ಅಕ್ಕಂದಿರೇ, ಭತ್ತಕ್ಕೆ ಮುಂಚೆ ಅಲಸಂದೆಯನ್ನೋ ಹೆಸರನ್ನೋ ಬಿತ್ತಿ. ಕಾಯಿ ಬಿಡಿಸಿಕೊಂಡು ಹಸಿರು ಗಿಡವನ್ನು ಅಲ್ಲೇ ಉತ್ತು ಮುಚ್ಚಿ. ಎರಡು ವಾರ ಕೊಳೆಯಲು ಬಿಟ್ಟು ನಾಟಿ ಮಾಡಿ. ಅದೊಂದೇ ಸಾಲದು, ತಿಪ್ಪೆಗೊಬ್ಬರವನ್ನೂ ಹಾಕಿ. ಪರರ ಗದ್ದೆಯಾದರೆ ಬಳ್ಳಿಯ ಮಾತನ್ನು ಬಿತ್ತುವ ಮೊದಲೇ ಒಡೆಯನ ಹತ್ತಿರ ಆಡಿ, ಹೆದರಬೇಡಿ. ದುಡಿಸಿಕೊಂಡು ಕೂಲಿ ಕೊಡದವನನ್ನು ನಾವು ಕಳ್ಳ ಎನ್ನುತ್ತೇವೆ. ಮಣ್ಣೂ ನಮಗಾಗಿ ದುಡಿದಿದೆ. ಈ ಮುಂಗಾರಿಗೇ ಅದರ ಕೂಲಿ ಕೊಟ್ಟುಬಿಡಿ.