ಕೆಮ್ಮದೆ ಕೂತವರು

“ಹಿಂದ್ಗಡೆಯಿಂದ ಬಾರೇ ಮುದುಕಿ. ಮುಂಬಾಗಿಲಿಗೆ ನಿನ್ನ ಯಾವನು ಕರೆದಿದ್ದು?”

ಅಂದವನು ಆ ಮನೆಯ ಚಿಕ್ಕ ಮಗ, ಊರಿನಲ್ಲಿ ಕಂಟ್ರಾಕ್ಟರ್ ಎಂದು ಎದೆ ಉಬ್ಬಿಸಿಕೊಂಡು ತಿರುಗುವವನು. ಅನ್ನಿಸಿಕೊಂಡವಳು ಬಂದೆಮ್ಮ. ಗೇಟಿನೊಳಗೆ ಅವಳು ಇಟ್ಟಿದ್ದು ಒಂದೇ ಒಂದು ಕಾಲು, ಅಷ್ಟಕ್ಕೇ ಅವನ ಮೈಮೇಲೆ ಕೆಂಡ ಬಿದ್ದಂತಾಗಿತ್ತು. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು. ಕೈಯಲ್ಲಿದ್ದ ಕಾಗದ ಬೆವರಿಗೆ ಒದ್ದೆಯಾಗದಿರಲಿ ಎಂದು ತುದಿಬೆರಳಲ್ಲಿ ಹಿಡಿದು, ಗೋಡೆಯ ಪಕ್ಕದ ಸಂದಿಯಲ್ಲಿ ತೂರಿ ಹಿತ್ತಿಲ ಓಣಿಗೆ ಬಂದಳು. ಆ ಓಣಿಯ ಒಂದೊಂದು ಕಲ್ಲೂ ಅವಳ ಅಂಗಾಲಿಗೆ ಗೊತ್ತು. ಮೂವತ್ತೊಂದು ವರ್ಷ, ಜ್ವರ ಬಂದ ದಿನವೂ ಬಿಡದೆ, ಈ ಬೀದಿಯವರ ಹೇಲು ತಲೆಯ ಮೇಲೆ ಹೊತ್ತು ನಡೆದ ದಾರಿ ಅದು. ಹೇಲು ಅಂದರೆ ಹೇಲೇ, ಅದಕ್ಕೆ ಚೆಂದದ ಹೆಸರು ಅವಳ ಬಾಯಲ್ಲಿ ಇರಲಿಲ್ಲ.

ಬಂದೆಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಆಗೆಲ್ಲ ಪ್ರತಿ ಮನೆಗೂ ಹಿತ್ತಿಲ ಕೊನೆಯಲ್ಲಿ ಒಂದು ಕಕ್ಕಸು. ಮುಂದೆ ಎರಡು ಮೆಟ್ಟಿಲು, ಹಲಗೆ ಬಾಗಿಲು, ಒಳಗೆ ತೂತು ಕೊರೆದ ಕಲ್ಲು, ಕಲ್ಲಿನ ಕೆಳಗೆ ಬಕೆಟ್. ಹಿಂದೆ ಓಣಿಯ ಕಡೆ ನೆಲಮಟ್ಟಕ್ಕೆ ಒಂದು ಕಿಂಡಿ, ಕಿಂಡಿಗೆ ತಗಡಿನ ಮುಚ್ಚಳ. ಮುಂದಿನ ಬಾಗಿಲು ಮನೆಯವರದು, ಹಿಂದಿನ ಕಿಂಡಿ ಇವಳದು. ತಗಡಿಗೆ ಎರಡು ಸಲ ಬಡಿದು “ಬಂದೆ” ಅನ್ನಬೇಕು. ಒಳಗೆ ಯಾರಾದರೂ ಕೂತಿದ್ದರೆ ಕೆಮ್ಮಬೇಕು. ಕೆಮ್ಮು ಕೇಳಿದರೆ ಗೋಡೆಗೆ ಬೆನ್ನು ಹಾಕಿ ಕಾಯುವುದು, ಕೇಳದಿದ್ದರೆ ಬಕೆಟ್ ಎಳೆಯುವುದು. ಅವರಿಗೂ ಇವಳಿಗೂ ಇದ್ದ ಮಾತುಕತೆ ಅಷ್ಟೇ. ಬಂದೆ ಬಂದೆ ಎಂದು ಕೂಗಿ ಕೂಗಿಯೇ ಅವಳು ಬೀದಿಯ ಮಕ್ಕಳ ಬಾಯಲ್ಲಿ ಬಂದೆಮ್ಮ ಆಗಿಹೋದಳು.

ಈಗ ಅವಳು ಬಂದದ್ದು ಒಂದು ಸೈನ್‌ಗಾಗಿ. ಹೊರುವ ಕೆಲಸವನ್ನು ಕಾಯಿದೆ ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಹಾಗೆ ಹೊತ್ತವರಿಗೆ ಒಂದೊಂದು ಕೋಣೆಯ ಮನೆ ಕೊಡುತ್ತೇವೆ ಎಂದು ಕಚೇರಿಯವರಿಗೆ ಈಗ ನೆನಪಾಗಿತ್ತು. ಆದರೆ ಹೊತ್ತಿದ್ದೇನೆ ಎಂದು ಹೊತ್ತವಳು ಹೇಳಿದರೆ ಸಾಲದಂತೆ. ಹೊರಿಸಿದವರು ಬರೆದುಕೊಡಬೇಕು, ಒಂದು ಮನೆಯವರಾದರೂ ಸೈನ್ ಹಾಕಬೇಕು, ಇವತ್ತು ಸಂಜೆ ಐದಕ್ಕೆ ಕೊನೆ ಎಂದಿದ್ದ ಗುಮಾಸ್ತ, ಕಾಗದವನ್ನು ಇವಳ ಕೈಗೆ ಕೊಡದೆ ಮೇಜಿನ ಮೇಲೆ ತಳ್ಳುತ್ತ. ಊರಾಚೆಯ ಇವಳ ತಗಡಿನ ಗುಡಿಸಲನ್ನು ಸೋಮವಾರ ಕಿತ್ತುಹಾಕುತ್ತಾರೆ. ಒಳಗಿರುವುದು ಇವಳು, ಗಂಡ ಸತ್ತ ಮಗಳು, ಅವಳ ಎರಡು ಹೆಣ್ಣುಮಕ್ಕಳು. ಸೈನ್ ಆದರೆ ಮನೆ, ಇಲ್ಲದಿದ್ದರೆ ನಾಲ್ವರೂ ಬೀದಿಗೆ.

ಬೆಳಗಿನಿಂದ ಹತ್ತು ಮನೆ ತಿರುಗಿದ್ದಳು. ಒಬ್ಬರು ನಾಳೆ ಬಾ ಎಂದರು, ಒಬ್ಬರು ನಾಯಿ ಬಿಟ್ಟರು. ಇನ್ನೊಬ್ಬಳಂತೂ ತಮ್ಮ ಮನೆಯಲ್ಲಿ ಕಕ್ಕಸೇ ಇರಲಿಲ್ಲ ಎಂದು ತಲೆ ಮೇಲೆ ಹೊಡೆದ ಹಾಗೆ ಹೇಳಿದಳು. ಹಾಗಾದರೆ ಆ ಮನೆಮಂದಿಯೆಲ್ಲ ಮೂವತ್ತು ವರ್ಷ ಕಟ್ಟಿಕೊಂಡೇ ಇದ್ದರೋ ಏನೋ. ಕಟ್ಟಿಕೊಂಡದ್ದು ನಿಜವಾಗಿ ಬಂದೆಮ್ಮನೇ. ಗುಡಿಸಲ ಕಡೆಯ ಹೆಂಗಸರು ಬೆಳಕು ಹರಿಯುವ ಮುಂಚೆ ಪೊದೆಯ ಹಿಂದೆ ಹೋಗಿ ಬಂದರೆ ಆಯಿತು, ಇಲ್ಲದಿದ್ದರೆ ಹೊತ್ತು ಮುಳುಗುವ ತನಕ ಇಲ್ಲ. ಕಾಗದದ ಚಿಂತೆಯಲ್ಲಿ ಅವಳು ಅವತ್ತು ಹೋಗಿರಲಿಲ್ಲ. ನಡುವೆ ಒಂದು ಮನೆಯಲ್ಲಿ ಕಕ್ಕಸಿಗೆ ಹೋಗಿಬರಲೇ ಎಂದು ಬಾಯಿಬಿಟ್ಟು ಕೇಳಿದ್ದಳು, ಬಾಗಿಲು ಹಾಕಿಕೊಂಡರು.

ಇದು ಹನ್ನೊಂದನೆಯ ಮನೆ, ಕೊನೆಯದು. ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಮನೆಮಂದಿಯೆಲ್ಲ ಚಹಾ ಕುಡಿಯುತ್ತಿದ್ದರು. ಬೀದಿಯಲ್ಲಿ ಉಳಿದಿದ್ದ ಕಡೆಯ ಹಳೇ ಕಕ್ಕಸು ಇವರದೇ. ಮುರುಕು ಸಾಮಾನು ತುಂಬಿಡಲು ಇಟ್ಟುಕೊಂಡಿದ್ದರು, ಕಾರು ನಿಲ್ಲಿಸಲು ಜಾಗ ಬೇಕೆಂದು ಅದನ್ನೆಲ್ಲ ಖಾಲಿ ಮಾಡಿ ಇವತ್ತು ಒಡೆಸುವವರಿದ್ದರು. ಒಡೆಯಲು ಬಂದ ಕೂಲಿಯವನು ಸುತ್ತಿಗೆ ಪಕ್ಕಕ್ಕಿಟ್ಟು ಇಟ್ಟಿಗೆ ರಾಶಿಯ ಮೇಲೆ ಕಾಯುತ್ತ ಕೂತಿದ್ದ. ಒಡೆಯುವ ಮುಂಚೆ ಹಳೆಯದನ್ನೆಲ್ಲ ನೆನಪು ಮಾಡಿಕೊಳ್ಳೋಣ ಎಂದು ಮನೆಯವರಿಗೆ ಆಸೆಯಾಗಿತ್ತು. ಕಂಟ್ರಾಕ್ಟರನ ಮಗಳು ಫೋನಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದಳು.

ಹಿರಿಯ ಮಗ ರಿಟೈರಾದ ಹೆಡ್ಮಾಸ್ಟರು, ಬೆಣ್ಣೆಯಂಥ ಮಾತು. ಮಳೆಯಲ್ಲಿ ಕೊಡೆ ಹಿಡಿದು ಓಡಿ ಬರುತ್ತಿದ್ದದ್ದು, ಗೋಡೆಯ ಹಲ್ಲಿ ತೊಡೆಯ ಮೇಲೆ ಬಿದ್ದದ್ದು, ಒಳಗೆ ಒಬ್ಬ ಕೂತರೆ ಹೊರಗೆ ಒಬ್ಬ ಕಾವಲು ನಿಂತು ಮಗ್ಗಿ ಹೇಳುತ್ತಿದ್ದದ್ದು, ಪರೀಕ್ಷೆಯ ಪಾಠವನ್ನೆಲ್ಲ ತಾನು ಅಲ್ಲೇ ಕೂತು ಬಾಯಿಪಾಠ ಮಾಡಿದ್ದು, ಒಂದೊಂದನ್ನೇ ಹೇಳಿ ನಗಿಸುತ್ತಿದ್ದರು. ಎಂಥ ಕಷ್ಟದ ಕಾಲ, ಆದರೂ ಎಷ್ಟು ಖುಷಿ ಎಂದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಓಣಿಯ ಕಡೆಯ ಮುರುಕು ಗೋಡೆಯಾಚೆ ಬಂದೆಮ್ಮನ ತಲೆ ಕಂಡಿತು.

ಅವಳು ಕಾಗದ ಚಾಚಿ ವಿಷಯ ಹೇಳಿದಳು. ಆಗಲಿ, ನೋಡೋಣ, ಅವಸರ ಏನು ಎಂದರು ಹೆಡ್ಮಾಸ್ಟರು. ಹುಡುಗಿಗೆ ಬೇರೆಯೇ ಹೊಳೆಯಿತು. ಈ ಅಜ್ಜಿ ಬಕೆಟ್ ಹೇಗೆ ಎಳೆಯುತ್ತಿದ್ದರು, ಒಂದು ಸಲ ಮಾಡಿ ತೋರಿಸಲಿ, ವಿಡಿಯೋ ಚೆನ್ನಾಗಿ ಬರುತ್ತದೆ ಎಂದಳು. ಕಂಟ್ರಾಕ್ಟರನಿಗೆ ಹುಮ್ಮಸ್ಸು ಬಂತು. ಬಚ್ಚಲಿನಿಂದ ನೀಲಿ ಪ್ಲಾಸ್ಟಿಕ್ ಬಕೆಟ್ ತಂದು ಕಲ್ಲಿನ ಕೆಳಗೆ ತಳ್ಳಿ, ತಾನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಬಂದೆಮ್ಮ ಕಾಗದ ನೋಡಿದಳು, ಹೆಡ್ಮಾಸ್ಟರ ಮುಖ ನೋಡಿದಳು. ಮಾಡಿದರೆ ಸೈನ್ ಸಿಕ್ಕೀತು ಎಂದುಕೊಂಡಳು. ಕಾಗದವನ್ನು ಗೋಡೆಯ ಮೇಲಿಟ್ಟು, ಕಲ್ಲು ಹೇರಿ, ಮಂಡಿಯೂರಿದಳು. ತಗಡಿಗೆ ಎರಡು ಸಲ ಬಡಿದಳು.

“ಬಂದೆ.”

ಒಳಗಿನಿಂದ ಕೆಮ್ಮು ಬರಲಿಲ್ಲ. ಅವಳು ಮುಚ್ಚಳ ಸರಿಸಿ, ಕೈ ಚಾಚಿ ಬಕೆಟ್‌ನ ಅಂಚು ಹಿಡಿದಳು. ಮೇಲಿನಿಂದ ಧೋ ಎಂದು ಒಂದು ತಂಬಿಗೆ ನೀರು ಅವಳ ಕೈಯ ಮೇಲೆ, ಮುಖದ ಮೇಲೆ ಸುರಿಯಿತು. ಕುರ್ಚಿಗಳಲ್ಲಿ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲು ತೆರೆದು ಹೊರಬಂದ ಕಂಟ್ರಾಕ್ಟರ್, ತಾನು ಹದಿನೈದು ವರ್ಷದವನಿದ್ದಾಗ ಹೀಗೇ ಮಾಡಿದ್ದೆ, ಆಗ ನೀರಲ್ಲ, ಒರಿಜಿನಲ್ ಮಾಲು ಎಂದು ಮಗಳ ಫೋನಿಗೆ ಹೇಳಿದ. ಹುಡುಗಿ ಸಾಕಪ್ಪಾ ಎಂದಳು, ಆದರೆ ಫೋನ್ ಇಳಿಸಲಿಲ್ಲ.

ಅವತ್ತಿನದು ಬಂದೆಮ್ಮನಿಗೆ ಮರೆತಿರಲಿಲ್ಲ. ಮಗಳಿಗೆ ಆಗ ಮೂರು ತಿಂಗಳು. ನೆತ್ತಿಯಿಂದ ಕೊರಳಿಗೆ, ಕೊರಳಿಂದ ಎದೆಗೆ ಇಳಿದಿತ್ತು. ಬೂದಿ ಹಚ್ಚಿ ನಾಲ್ಕು ಸಲ ತಿಕ್ಕಿ ತೊಳೆದರೂ ಮಗುವನ್ನು ಎದೆಗೆ ಹಚ್ಚಿಕೊಳ್ಳಲು ಮನಸ್ಸಾಗದೆ, ಅದು ಹಸಿವಿಗೆ ಅತ್ತು ಅತ್ತು ನೀಲಿಯಾಗಿತ್ತು. ಆದರೂ ಅವಳು ಇಷ್ಟು ವರ್ಷ ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದಳು. ಮೇಲೆ ಕೂತವರಿಗೆ ಕೆಳಗೆ ಕತ್ತಲೆ, ಏನು ಕಂಡೀತು, ಕೆಮ್ಮಲು ಮರೆತಿರಬೇಕು ಪಾಪ ಎಂದುಕೊಂಡಿದ್ದಳು. ಒಬ್ಬನೇ ಅಲ್ಲ, ಆ ಬೀದಿಯಲ್ಲಿ ಕೆಮ್ಮಲು ಮರೆತವರು ಬಹಳ ಜನ ಇದ್ದರು. ಹೆಡ್ಮಾಸ್ಟರೂ ಮರೆಯುತ್ತಿದ್ದರು. ಓದುವ ಹುಡುಗ, ಧ್ಯಾನ ಎಲ್ಲೋ ಇರುತ್ತದೆ ಎಂದು ಅವಳೇ ಸಮಾಧಾನ ಮಾಡಿಕೊಂಡಿದ್ದಳು. ಈಗ ಚಿಕ್ಕವನು ಬೇಕೆಂದೇ ಮಾಡಿದ್ದು ಎಂದು ತಾನೇ ಹೇಳುತ್ತಿದ್ದ. ಅವಳು ಮುಖ ಒರೆಸಿಕೊಂಡು ಕಾಗದ ತೆಗೆದು ಮತ್ತೆ ಚಾಚಿದಳು.

ಹೆಡ್ಮಾಸ್ಟರು ಕನ್ನಡಕ ಏರಿಸಿ ಎರಡು ಸಲ ಓದಿದರು. ಮೊದಲು, ಇದರಲ್ಲಿರುವ ಹೆಸರು ಯಾರದು ಎಂದು ಕೇಳಿದರು. ನನ್ನದೇ ಎಂದಳು. ಓಹೋ ಎಂದು ಕಾಗದವನ್ನು ಮೊದಲಿನ ಮಡಿಕೆಗೇ ಮಡಚಿದರು.

“ನೋಡಮ್ಮ, ಬಾಯಲ್ಲಿ ಹೇಳೋದು ಬೇರೆ, ಬರೆದುಕೊಡೋದು ಬೇರೆ. ನಮ್ಮನೇಲಿ ಇಂಥದ್ದೆಲ್ಲ ನಡೆದೇ ಇಲ್ಲ. ನೀನು ಇಲ್ಲಿ ಯಾವತ್ತೂ ಅದನ್ನ ಎತ್ತಿಲ್ಲ. ಅಷ್ಟೇ ನಾನು ಹೇಳೋದು.”

ಅವರು ಹೆದರಿದ್ದು ಯಾಕೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಕಾಯಿದೆ ಬಂದ ಮೇಲೂ ಒಂಬತ್ತು ವರ್ಷ ಈ ಕಿಂಡಿ ತೆರೆದೇ ಇತ್ತು. ಬರೆದುಕೊಟ್ಟರೆ ಕೇಸು.

“ಸಾಕ್ಷಿ ಏನಿದೆ ಇವಳ ಹತ್ರ?” ಎಂದ ಕಂಟ್ರಾಕ್ಟರ್. “ಇದೊಂದು ಗೋಡೆ ತಾನೆ? ಏಯ್, ಹೊಡಿಯೋ ಬೋಳಿಮಗನೆ, ಏನ್ ನೋಡ್ತಾ ಕೂತಿದ್ದೀಯ?”

ಕೂಲಿಯವನು ಎದ್ದು ಸುತ್ತಿಗೆ ಹೆಗಲಿಗೇರಿಸಿದ. ಬಂದೆಮ್ಮ ಮುರುಕು ಗೋಡೆಯನ್ನು ಹೇಗೆ ದಾಟಿದಳೋ ಅವಳಿಗೇ ಗೊತ್ತಾಗಲಿಲ್ಲ. ಹಿತ್ತಿಲ ನಡುವೆ, ಕುರ್ಚಿಗಳ ಎದುರಿಗೆ ಬಂದು ನಿಂತಿದ್ದಳು.

“ಸಾಕ್ಷಿ ಬೇಕಾ ಚಿಕ್ಕ ಯಜಮಾನ್ರೆ? ನಿಮ್ಮಪ್ಪನಿಗೆ ಹೇಲಲ್ಲಿ ರಕ್ತ ಹೋಗೋದು ಮೊದಲು ನೋಡಿದ್ದು ಡಾಕ್ಟರಲ್ಲ, ನಾನು. ಬಾಯಿ ಮುಚ್ಕೊಂಡಿರಕ್ಕೆ ಆಗದೆ ಅಮ್ಮಾವ್ರಿಗೆ ಹೇಳ್ದೆ. ದೊಡ್ಡ ಮನುಷ್ಯರದ್ದು ಕೆದಕಿ ನೋಡ್ತೀಯೇನೇ ಮುಂಡೆ ಅಂತ ಸೌದೆ ಎಸೆದ್ರು. ಇಲ್ನೋಡಿ ಹುಬ್ಬಿನ ಮೇಲೆ. ಆರು ತಿಂಗಳಿಗೆ ಯಜಮಾನ್ರು ಹೋದ್ರು. ಇನ್ನೂ ಬೇಕಾ? ಮೇಷ್ಟ್ರೆ, ಮದುವೆ ಆಗೋ ತನಕ ನಿಮಗೆ ಹುಳ ಬೀಳ್ತಿತ್ತು. ಅದೂ ಹೇಳ್ಲಾ ಕಚೇರೀಲಿ?”

ಹುಡುಗಿ ಫಕ್ಕನೆ ನಕ್ಕುಬಿಟ್ಟಳು. ಹೆಡ್ಮಾಸ್ಟರ ಕಿವಿ ಕೆಂಪಾಯಿತು. ಈ ಹೊಲಸು ಬಾಯಿಯವಳನ್ನು ಮೊದಲು ಆಚೆ ನೂಕು ಎಂದು ತಮ್ಮನಿಗೆ ಹೇಳಿದರು. ತಮ್ಮ ಎದ್ದ, ಆದರೆ ಅವಳನ್ನು ಮುಟ್ಟಿ ನೂಕಬೇಕಲ್ಲ, ಅಲ್ಲೇ ನಿಂತ. ಅಷ್ಟರಲ್ಲಿ ಅವಳು ಎರಡು ಮೆಟ್ಟಿಲು ಹತ್ತಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಆಫೀಸರನ್ನು ಇಲ್ಲಿಗೇ ಕರೆಸಿ, ಅವರು ಬಂದು ನೋಡಿ ಬರೆದುಕೊಳ್ಳಲಿ, ಅಲ್ಲಿಯ ತನಕ ಈ ಗೋಡೆ ಮುಟ್ಟಬೇಡಿ ಎಂದು ಒಳಗಿನಿಂದ ಕೂಗಿ ಹೇಳಿದಳು.

ಆ ಬಾಗಿಲಿನಿಂದ ಅವಳು ಒಳಗೆ ಹೋದದ್ದು ಅದೇ ಮೊದಲು. ಗೋಡೆಗೆ ಸುಣ್ಣ, ದೀಪ ಇಡಲು ಗೂಡು, ಮಸಿಯಲ್ಲಿ ಗೀಚಿದ ಲೆಕ್ಕದ ಸೂತ್ರಗಳು. ಅವಳ ಗುಡಿಸಲಿಗಿಂತ ಗಟ್ಟಿಯಾಗಿತ್ತು ಅದು. ಅವಳು ಕಲ್ಲಿನ ತೂತಿನೊಳಗೆ ಬಗ್ಗಿ ನೋಡಿದಳು.

ಕೆಳಗೆ ಕತ್ತಲೆ ಇರಲಿಲ್ಲ. ಕಿಂಡಿಯ ಮುಚ್ಚಳ ತೆರೆದೇ ಇತ್ತು, ಓಣಿಯ ಬಿಸಿಲು ಒಳಗೆ ಬಿದ್ದಿತ್ತು. ನೀಲಿ ಬಕೆಟ್ ಕಾಣುತ್ತಿತ್ತು, ಅದರ ಹಿಡಿಕೆ ಕಾಣುತ್ತಿತ್ತು, ತಾನು ಮಂಡಿಯೂರಿದ್ದ ಜಾಗದ ಒದ್ದೆ ನೆಲ ಕಾಣುತ್ತಿತ್ತು. ಅಲ್ಲಿಗೆ ಒಂದು ಕೈ ಬಂದರೆ ಬಳೆ ಎಷ್ಟಿವೆ ಎಂದು ಎಣಿಸಬಹುದಿತ್ತು. ತಲೆ ಬಂದರೆ ಬೈತಲೆ ಕಾಣುತ್ತಿತ್ತು. ಮೂವತ್ತೊಂದು ವರ್ಷ ಅವರಿಗೆ ಎಲ್ಲವೂ ಕಂಡಿತ್ತು. ಯಾರೂ ಮರೆತಿರಲಿಲ್ಲ. ಓದುತ್ತ ಕೂತಿದ್ದವನೂ ಮರೆತಿರಲಿಲ್ಲ.

ಅವಳು ಸತ್ತವರಿಗೂ ಬದುಕಿರುವವರಿಗೂ ಸೇರಿಸಿ ಬಾಯಿಗೆ ಬಂದ ಹಾಗೆ ಬೈದಳು, ಬೈಯುತ್ತಲೇ ಅತ್ತಳು. ಹೊರಗೆ ಬಾಗಿಲು ಬಡಿಯುತ್ತಿದ್ದರು, ಪೊಲೀಸರನ್ನು ಕರೆಸುತ್ತೇವೆ ಎನ್ನುತ್ತಿದ್ದರು. ಬೆಳಗಿನಿಂದ ಕಟ್ಟಿಕೊಂಡದ್ದು ಇನ್ನು ತಡೆಯುವಂತಿರಲಿಲ್ಲ. ಅವಳು ಬಟ್ಟೆ ಎತ್ತಿ ಆ ಕಲ್ಲಿನ ಮೇಲೆ, ಆ ಮನೆಯವರು ಕೂರುತ್ತಿದ್ದ ಹಾಗೇ, ಸಾವಕಾಶವಾಗಿ ಕೂತಳು.

ಚಿಲಕ ತೆಗೆದು ಹೊರಗೆ ಬಂದಾಗ ಬಾಗಿಲು ಬಡಿಯುತ್ತಿದ್ದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಕಂಟ್ರಾಕ್ಟರ್ ಕೂಲಿಯವನ ಕಡೆ ತಿರುಗಿ, ಆ ಬಕೆಟ್ ಎತ್ತಿ ಎಲ್ಲಾದರೂ ಬಿಸಾಕು ಎಂದ. ಗೋಡೆ ಒಡೆಯಲು ಕರೆದಿದ್ದೀರಿ, ಅದು ನನ್ನ ಕೆಲಸ ಅಲ್ಲ ಎಂದು ಅವನು ಸುತ್ತಿಗೆಯನ್ನು ಮತ್ತೆ ಇಟ್ಟಿಗೆಗೆ ಒರಗಿಸಿದ. ಬೈದರೂ ಅಲ್ಲಾಡಲಿಲ್ಲ. ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ. ನಾಲ್ಕೂ ಮುಕ್ಕಾಲಾಗಿತ್ತು.

ಹೆಡ್ಮಾಸ್ಟರ ದನಿ ಮತ್ತೆ ಬೆಣ್ಣೆಯಾಯಿತು. ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ ಹಿಡಿದರು.

“ಆಯ್ತಮ್ಮ, ಸೈನ್ ಹಾಕ್ತೀನಿ. ಓಡಿದ್ರೆ ಕಚೇರಿ ಸಿಗುತ್ತೆ. ಮೊದಲು ಅದೊಂದನ್ನ ಎತ್ತಿ ಆಚೆ ಹಾಕಿಬಿಡು. ನಿನಗೆ ಅಭ್ಯಾಸ ಇರೋದೇ ಅಲ್ವಾ.”

ಬಂದೆಮ್ಮ ಪೆನ್ನನ್ನೇ ನೋಡುತ್ತ ನಿಂತಳು. ಮಗಳು ನೆನಪಾದಳು, ಮೊಮ್ಮಕ್ಕಳು ನೆನಪಾದರು, ತಾರಸಿಯ ಒಂದು ಕೋಣೆ, ಅದಕ್ಕೊಂದು ಚಿಲಕ. ಒಂದೇ ಒಂದು ಸಲ ಬಗ್ಗಿದರೆ ಆಯಿತು. ಅವಳ ಸೊಂಟ ತಾನಾಗಿಯೇ ಬಗ್ಗಲು ಹೊರಟಿತ್ತು ಕೂಡ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ನಾನು ನಿಮ್ಮನೇಲಿ ಯಾವತ್ತೂ ಎತ್ತೇ ಇಲ್ಲ ಅಂದ್ರಲ್ಲ ಮೇಷ್ಟ್ರೆ,” ಎಂದಳು. “ಎತ್ತದೋಳಿಗೆ ಎತ್ತಕ್ಕೆ ಹೇಗೆ ಬರುತ್ತೆ?”

ಅವರ ಕೈಯಿಂದ ಕಾಗದ ಕಿತ್ತುಕೊಂಡು, ಅದೇ ಓಣಿಯಲ್ಲಿ ನಡೆದಳು. ಹತ್ತು ಹೆಜ್ಜೆ ಹೋಗಿ ಕಾಗದ ಬಿಚ್ಚಿ ನೋಡಿದಳು. ಸೈನ್ ಇರಬೇಕಾದ ಜಾಗ ಖಾಲಿಯಾಗಿತ್ತು. ಎಂಥ ಕೆಲಸ ಮಾಡಿದೆ ನಾನು, ಮಕ್ಕಳನ್ನು ಬೀದಿಗೆ ಹಾಕಿದೆನಲ್ಲ ಎಂದು ಭಯವಾಯಿತು. ಆದರೂ ಹಿಂದಿರುಗಲಿಲ್ಲ. ಕಚೇರಿಯ ಗೇಟು ಮುಚ್ಚುವ ಹೊತ್ತಾಗಿತ್ತು.

ಅತ್ತ ಕಿಂಡಿಯ ಮುಂದೆ ಅಣ್ಣ ತಮ್ಮ ಇಬ್ಬರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದು ನಿಂತಿದ್ದರು. ನೀನು ಎಳಿ, ನೀನು ಎಳಿ ಎಂದು ಜಗಳವಾಡಿಕೊಂಡರು. ಕೊನೆಗೆ ಚಿಕ್ಕವನು ಮಂಡಿಯೂರಿ ಕೈ ಒಳಗೆ ಚಾಚಿದ, ಚಾಚಿದವನು ಓಕರಿಸಿ ಹಿಂದಕ್ಕೆ ತೆಗೆದ. ಅವನ ಮಗಳು ಫೋನ್ ಹಿಡಿದುಕೊಂಡೇ ಇದ್ದಳು.