ಪರದೆಯ ಹಿಂದಿನ ಚಕ್ರವರ್ತಿ

ರೋಮಿನ ತ್ರಸ್ತೇವರೆ ಕೇರಿಯಲ್ಲಿ ಗಾಡಿಯ ಮೇಲೆ ದ್ರಾಕ್ಷಾರಸದ ಪೀಪಾಯಿ ಸಾಗಿಸುತ್ತಿದ್ದ ಓರೆಸ್ತೆಗೆ ತನ್ನ ಮೂಗಿನ ಮೇಲೆ ಬಹಳ ಅಭಿಮಾನ. ಹೀಗಾಗಿ ಚಿತ್ರಕಾರ ತೆಬಾಲ್ದೊ ಬೀದಿಯಲ್ಲಿ ತಡೆದು, ಹಿಂದಿನ ಕಾಲದ ಕ್ಲಾಡಿಯಸ್ ಚಕ್ರವರ್ತಿಯ ಚಿತ್ರಕ್ಕೆ ಮಾದರಿಯಾಗಿ ಬಂದು ನಿಲ್ಲುವೆಯಾ ಎಂದು ಕೇಳಿದಾಗ, ಇಷ್ಟು ತಡವಾಗಿ ಕೇಳಿದನಲ್ಲ ಎಂದಷ್ಟೇ ಅವನಿಗೆ ಅನ್ನಿಸಿತು.

ಚಿತ್ರಶಾಲೆಯಲ್ಲಿ ಅವನನ್ನು ಬರಿಗಾಲಲ್ಲಿ ದಪ್ಪ ಪರದೆಯೊಂದರ ಹಿಂದೆ ನಿಲ್ಲಿಸಿದರು. ಆಗ ರೋಮನ್ನು ಆಳುತ್ತಿದ್ದ ತನ್ನ ಅಣ್ಣನ ಮಗ ಕಲಿಗುಲನನ್ನು ಕಾವಲಿನವರೇ ಕೊಂದ ದಿನ ಕ್ಲಾಡಿಯಸ್ ಹೀಗೆ ಅವಿತಿದ್ದನಂತೆ. ಸಿಪಾಯಿಯೊಬ್ಬ ಹೊರಗೆಳೆದು, ನೀನೇ ಚಕ್ರವರ್ತಿ ಎಂದು ಅಡ್ಡಬಿದ್ದನಂತೆ. ಓರೆಸ್ತೆಯ ಕಿವಿಗೆ ಬಿದ್ದದ್ದು ಚಕ್ರವರ್ತಿ ಎಂಬ ಮಾತು ಮಾತ್ರ. ಪರದೆಯ ಹಿಂದೆ ಯಾರಿಗೂ ಕಾಣದಿದ್ದರೂ ಹುಬ್ಬು ಗಂಟಿಕ್ಕಿ, ಗದ್ದ ಎತ್ತಿ ನಿಂತ.

ಆಮೇಲೆ ಅವನ ನಡಿಗೆಯೇ ಬದಲಾಯಿತು. ಹೆಂಡತಿ ನುನ್ಸಿಯಾತ ಬೋಟಿ ಬಡಿಸಿದರೆ, ಅರಮನೆಯವರು ಇದನ್ನೆಲ್ಲ ಮುಟ್ಟುತ್ತಿರಲಿಲ್ಲ ಎಂದು ಗೊಣಗುತ್ತಲೇ ಎರಡು ತಟ್ಟೆ ಖಾಲಿ ಮಾಡುತ್ತಿದ್ದ.

ಚಿತ್ರವನ್ನು ಪ್ರದರ್ಶನಕ್ಕಿಟ್ಟ ಭಾನುವಾರ ಹೆಂಡತಿಯನ್ನೂ ಅವಳ ತಮ್ಮ ರೆಮಿಜೊನನ್ನೂ ಕರೆದುಕೊಂಡು ಹೋದ. ಗೋಡೆಯಗಲದ ಚಿತ್ರ. ರಕ್ತ, ಕತ್ತಿ, ಸಿಪಾಯಿಗಳು. ನಟ್ಟನಡುವೆ ಒಂದು ಪರದೆ, ಅದರ ಅಂಚಿನ ಕೆಳಗೆ ಎರಡು ಪಾದ. ಚಕ್ರವರ್ತಿ ಅಂತ ಇದ್ದದ್ದು ಅಷ್ಟೇ.

"ಭಾವ, ನೀವೆಲ್ಲಿದೀರಿ?" ಎಂದ ರೆಮಿಜೊ.

ನುನ್ಸಿಯಾತ ಬಗ್ಗಿ ನೋಡಿದಳು. "ಇಲ್ಲೇ ಇದಾರಲ್ಲೋ. ಹೆಬ್ಬೆರಳ ಹತ್ರ ಆ ಆಣಿ ನೋಡು. ಅದಕ್ಕೆ ಎಷ್ಟು ಎಣ್ಣೆ ತಿಕ್ಕಿದೀನಿ ನಾನು."

ಸುತ್ತಲಿದ್ದವರೂ ಬಗ್ಗಿದರು.

ಓರೆಸ್ತೆ ಚಿತ್ರಕಾರನನ್ನು ಮೂಲೆಗೆ ಕರೆದು, ತನ್ನ ಮೂಗೆಲ್ಲಿ ಹೋಯಿತು ಎಂದು ಕೇಳಿದ.

"ಮೂಗು ಯಾರಿಗೆ ಬೇಕಿತ್ತು ಮಾರಾಯ? ಅವತ್ತು ಬೀದೀಲಿ ನಾನು ನಿನ್ನ ತಡೆಯೋ ಮುಂಚೆ, ನಾಯಿ ಬೊಗಳಿತು ಅಂತ ಗಾಡಿ ಹಿಂದೆ ಅವಿತ್ಕೊಂಡೆಯಲ್ಲ, ಆಗ ಚಪ್ಪಲಿ ಒಳಗೆ ನಿನ್ನ ಬೆರಳು ಮುದುರಿಕೊಂಡವು. ಅಂಥ ಹೆದರಿದ ಕಾಲು ಇಡೀ ರೋಮಲ್ಲಿ ಇನ್ನೊಂದಿಲ್ಲ."

ಓರೆಸ್ತೆ ಮತ್ತೆ ಚಿತ್ರದ ಮುಂದೆ ನಿಂತ. ಪಾದಗಳು ನಡುಗುತ್ತಿರುವಂತೆಯೇ ಕಂಡವು. ಪಾಪ ಅನ್ನಿಸಿತು, ಕ್ಲಾಡಿಯಸನ ಮೇಲೋ ತನ್ನ ಮೇಲೋ ತಿಳಿಯಲಿಲ್ಲ. ಗದ್ದ ಎತ್ತಿ ನಿಂತದ್ದು ನೆನಪಾಗಿ ನಗು ಉಕ್ಕಿತು.

ಸಂಜೆ ಪಡಖಾನೆಯಲ್ಲಿ, ರೆಮಿಜೊ ಬಾಯಿ ತೆರೆಯುವ ಮೊದಲೇ, ನಾಯಿಯ ಸಂಗತಿಯೂ ಸೇರಿ ಎಲ್ಲವನ್ನೂ ತಾನೇ ಹೇಳಿದ. "ಇಡೀ ಸಾಮ್ರಾಜ್ಯದಲ್ಲಿ ನನ್ನ ಪಾಲಿಗೆ ಬಂದಿದ್ದು ಬರೀ ಎರಡು ಪಾದ ಕಣ್ರೋ."

ಮುಂದಿನ ವಾರ ಚಿತ್ರಕಾರ ಮತ್ತೆ ಹೇಳಿಕಳಿಸಿದ. ಯಾರ ಚಿತ್ರ ಎಂದು ಓರೆಸ್ತೆ ಕೇಳಲೂ ಇಲ್ಲ; ಕಾಲು ತೊಳೆದುಕೊಂಡು ಹೊರಟ.